ಕನ್ನಡ ನಾಡಿನ ನಾಣ್ಯಗಳ ಸಾಕ್ಷ್ಯ

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಳೆಯ ನಾಣ್ಯಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ವಕೀಲನಿಗೂ ನಾಣ್ಯಕ್ಕೂ ಇರುವ ನಂಟು ಯಾವುದೆಂಬುದನ್ನು ನಮ್ಮ ಕಕ್ಷಿಗಾರರು ಚೆನ್ನಾಗಿ ಬಲ್ಲರು. ಆ ನಂಟಿನ ಮಾತನ್ನು ಇಲ್ಲಿ ಎತ್ತುವುದಿಲ್ಲ. ನಾನು ಇಲ್ಲಿ ನಿಂತಿರುವುದು ಇನ್ನೊಂದು ಹಕ್ಕಿನಿಂದ. ಸಾಕ್ಷಿಗಳನ್ನು ವಿಚಾರಿಸುವುದು ನನ್ನ ಉದ್ಯೋಗ. ನಾಣ್ಯವೆಂಬುದು ಕನ್ನಡ ನಾಡಿನ ವ್ಯಾಜ್ಯದಲ್ಲಿ ನಾವು ಇನ್ನೂ ಸರಿಯಾಗಿ ವಿಚಾರಿಸದೆ ಬಿಟ್ಟಿರುವ ಒಬ್ಬ ಸಾಕ್ಷಿ.

ಶಿಲಾಶಾಸನವು ಸಾಕ್ಷಿಯೇ; ಆದರೆ ಅದನ್ನು ಬರೆದ ಕವಿಗೆ ಅರಸನ ಮೇಲೆ ಅಭಿಮಾನವಿರುತ್ತದೆ. ಕಾವ್ಯವೂ ಸಾಕ್ಷಿಯೇ, ಅಲ್ಲಿ ಉತ್ಪ್ರೇಕ್ಷೆಯೇ ಅಲಂಕಾರ. ನಾಣ್ಯದ ಮೇಲೂ ಅರಸನು ತನ್ನ ಬಿರುದನ್ನು ಹೊಡೆಸಿಕೊಳ್ಳುತ್ತಾನೆಂಬುದು ನಿಜ. ಆದರೆ ಆ ಬಿರುದು ಚಿನಿವಾರನ ಒರೆಗಲ್ಲನ್ನು ದಾಟಿಯೇ ಪೇಟೆಗೆ ಬರಬೇಕು. ತೂಕ ಕಡಿಮೆಯಿದ್ದರೆ, ಬೆರಕೆ ಹೆಚ್ಚಿದ್ದರೆ, ಚಕ್ರವರ್ತಿಯ ಹೆಸರಿದ್ದರೂ ಅವನು ಅದನ್ನು ಹಿಂದಕ್ಕೆ ತಳ್ಳುತ್ತಾನೆ. ನಂಬಿಕೆಗೆ ತಕ್ಕ ಮನುಷ್ಯನನ್ನು ನಾವು ‘ನಾಣ್ಯಸ್ಥ’ನೆಂದು ಕರೆಯುವುದು ಸುಮ್ಮನೆ ಅಲ್ಲ.

ಮೊದಲು ನಮ್ಮ ಬಾಯಲ್ಲಿರುವ ಮಾತುಗಳನ್ನೇ ನೋಡೋಣ. ‘ಹಣ’ವೆಂದು ನಾವು ದಿನಕ್ಕೆ ನೂರು ಸಲ ಅನ್ನುತ್ತೇವೆ. ಅದು ಪಣವೆಂಬ ಚಿಕ್ಕ ಚಿನ್ನದ ನಾಣ್ಯದ ಹೆಸರು. ಪೊನ್ನು ಹೊನ್ನಾದ ಹಾಗೆ ಪಣವು ಹಣವಾಯಿತು. ಒಂದು ನಾಣ್ಯದ ಹೆಸರು ಎಲ್ಲ ಸಂಪತ್ತಿನ ಹೆಸರಾಯಿತು. ಪಣದ ಕಾಲು ಭಾಗ ಹಾಗ, ಹದಿನಾರನೆಯ ಭಾಗ ವೀಸ. ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕವಿಲ್ಲದ ದಾನಶಾಸನ ನಮ್ಮಲ್ಲಿ ಅಪರೂಪ. ಗುಡಿಯ ನಂದಾದೀವಿಗೆಗೆ ಯಾರೋ ಒಬ್ಬ ಸೆಟ್ಟಿ ಇಷ್ಟು ಗದ್ಯಾಣ ಬಿಟ್ಟನು, ಅದರ ಬಡ್ಡಿಯಲ್ಲಿ ಎಣ್ಣೆ ನಡೆಯಬೇಕು ಎಂದು ಕಲ್ಲು ಹೇಳುತ್ತದೆ. ಇಂಥ ಲೆಕ್ಕವನ್ನು ಓದಿದಾಗ ಅಂದಿನ ಒಕ್ಕಲಿಗ, ಗಾಣಿಗ, ಹೂವಾಡಿಗರು ಕಣ್ಣಮುಂದೆ ಬರುವಂತೆ ಯುದ್ಧಗಳ ಪಟ್ಟಿಯನ್ನು ಓದಿದಾಗ ಬರಲಾರರು. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಕಾಳಗಗಳ ವರ್ಷಗಳನ್ನು ಕಂಠಪಾಠ ಮಾಡಿಸುತ್ತೇವೆ. ಒಂದು ಹಾಗಕ್ಕೆ ಏನು ಬರುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಇದು ನನಗೆ ಸರಿತೋರುವುದಿಲ್ಲ.

ನಮ್ಮ ಮಾತುಗಳು ಗಡಿಯಾಚೆಗೂ ಹೋಗಿವೆ. ಮಹಾರಾಷ್ಟ್ರದ ‘ಹೋನ’ ನಮ್ಮ ಹೊನ್ನೇ. 1674ರಲ್ಲಿ ಪಟ್ಟಾಭಿಷಿಕ್ತನಾದ ಶಿವಾಜಿ ಮಹಾರಾಜನು ಹೊಡೆಸಿದ ಚಿನ್ನದ ನಾಣ್ಯಕ್ಕೂ ಅದೇ ಹೆಸರು. ವಿಜಯನಗರದ ಅರ್ಧ ವರಹಕ್ಕೆ ಪ್ರತಾಪವೆಂಬ ಹೆಸರಿತ್ತು. ಗೋವೆಗೆ ಬಂದ ಪೋರ್ತುಗೀಜರು ಅದನ್ನು ‘ಪರ್ದಾವ್’ ಮಾಡಿಕೊಂಡರು. ಇಂಗ್ಲಿಷರು ಪಣವನ್ನು ‘ಫನಂ’ ಎಂದರು. ಕನ್ನಡಿಗನಿಗೆ ಒಂದು ಅಖಂಡ ರಾಜ್ಯವಿಲ್ಲದ ಕಾಲದಲ್ಲಿಯೂ ಅವನ ಹೊನ್ನು ನೆರೆಹೊರೆಯವರ ಲೆಕ್ಕದ ಪುಸ್ತಕಗಳಲ್ಲಿ ಮಾನ್ಯವಾಗಿ ಕುಳಿತಿತ್ತು.

ವರಹದ ಕಥೆ ಇನ್ನೂ ಸ್ವಾರಸ್ಯವುಳ್ಳದ್ದು. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ಹಂದಿಯ ಗುರುತಿನಿಂದ ನಾಣ್ಯಕ್ಕೆ ಬಂದ ಆ ಹೆಸರು ಹಂದಿಯು ನಾಣ್ಯದಿಂದ ಮಾಯವಾದ ಮೇಲೂ ಉಳಿಯಿತು. ಕೃಷ್ಣದೇವರಾಯನ ವರಹದ ಮೇಲೆ ಬಾಲಕೃಷ್ಣ ಕುಳಿತಿದ್ದಾನೆ. ಅಚ್ಯುತರಾಯನ ವರಹದ ಮೇಲೆ ಕೊಕ್ಕಿನಲ್ಲಿಯೂ ಕಾಲುಗಳಲ್ಲಿಯೂ ಆನೆಗಳನ್ನು ಹಿಡಿದ ಗಂಡಭೇರುಂಡ. ಸದಾಶಿವರಾಯನದರ ಮೇಲೆ ಲಕ್ಷ್ಮೀನಾರಾಯಣರು. ಜನರು ಎಲ್ಲವನ್ನೂ ವರಹವೆಂದೇ ಎಣಿಸಿದರು. ಅರಸುಮನೆತನಗಳು ಬಂದುಹೋದವು, ಒಂದು ಮಾತು ಮಾತ್ರ ಸಾವಿರ ವರ್ಷ ಚಲಾವಣೆಯಲ್ಲಿತ್ತು.

ಈಗ ನನಗೆ ಅತ್ಯಂತ ಪ್ರಿಯವಾದ ಸಾಕ್ಷಿಯನ್ನು ಕರೆಯುತ್ತೇನೆ. ಅದು ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯ. ಒಂದು ಮುಖದಲ್ಲಿ ಸಿಂಹ. ಮತ್ತೊಂದು ಮುಖದಲ್ಲಿ ಮೂರು ಸಾಲಾಗಿ ಹಳಗನ್ನಡದ ಅಕ್ಷರಗಳು: ‘ಶ್ರೀ ತಳಕಾಡುಗೊಂಡ’. ಇದೇ ಬಗೆಯ ಇನ್ನೊಂದರ ಮೇಲೆ ‘ಶ್ರೀ ನೊಣಂಬವಾಡಿಗೊಂಡ’. ಅರಸನ ಹೆಸರೇ ಇಲ್ಲ! ತಳಕಾಡನ್ನು ಕೊಂಡವನು ಎಂದರೆ ಯಾರೆಂದು ನಾಡಿಗೆಲ್ಲ ಗೊತ್ತು ಎಂಬ ಧೈರ್ಯ. ಸುಮಾರು 1116ರಲ್ಲಿ ಚೋಳರಿಂದ ತಳಕಾಡು ಬಿಡುಗಡೆಯಾಯಿತು. ಗಂಗರ ಹಳೆಯ ರಾಜಧಾನಿ ಮತ್ತೆ ಕನ್ನಡ ಅರಸನ ಕೈಸೇರಿತು. ಆ ಸುದ್ದಿಯನ್ನು ಅವನು ಡಂಗುರದಿಂದ ಸಾರಿಸಿದ್ದರೆ ಒಂದು ದಿನ ಕೇಳುತ್ತಿತ್ತು. ಚಿನ್ನದ ಮೇಲೆ ಹೊಡೆಸಿ ವರ್ತಕರ ಚೀಲಗಳಲ್ಲಿ ಕಳುಹಿಸಿದ್ದರಿಂದ ಒಂಬೈನೂರು ವರ್ಷಗಳ ಮೇಲೂ ನಾವು ಓದುತ್ತಿದ್ದೇವೆ. ವಿಷ್ಣುವರ್ಧನನು ಆಗ ಕಲ್ಯಾಣದ ಚಾಲುಕ್ಯರ ಮಾಂಡಲಿಕನೆಂದೇ ಎನಿಸಿಕೊಂಡಿದ್ದವನು. ಮಾಂಡಲಿಕನೊಬ್ಬನು ಒಡೆಯನ ಹೆಸರನ್ನು ಬಿಟ್ಟು ತನ್ನ ಗೆಲವನ್ನೇ ಚಿನ್ನದ ಮೇಲೆ ಬರೆಯಿಸಿದನೆಂದರೆ ಅವನ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕೆ? ಶಾಸನದಲ್ಲಿ ವಿನಯ, ನಾಣ್ಯದಲ್ಲಿ ನಿಜ! ಮಕ್ಕಳಿಗೆ ಈ ನಾಣ್ಯದ ಚಿತ್ರವೊಂದನ್ನು ಕೊಟ್ಟು ಆ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಿರೆಂದು ಹೇಳಿರಿ. ತಮ್ಮ ಲಿಪಿಯ ವಯಸ್ಸು ಅವರಿಗೆ ತಾನಾಗಿಯೇ ತಿಳಿಯುವುದು.

ಆದರೆ ಸಾಕ್ಷಿಯನ್ನು ಕರೆದ ಮೇಲೆ ನಮಗೆ ಬೇಕಾದಷ್ಟನ್ನೇ ಹೇಳಿಸುವುದು ನ್ಯಾಯವಲ್ಲ. ವಿಜಯನಗರದ ಆರಂಭದ ಅರಸರ ಕೆಲವು ನಾಣ್ಯಗಳಲ್ಲಿ ಕನ್ನಡ ಅಕ್ಷರಗಳಿದ್ದರೂ, ಕೃಷ್ಣದೇವರಾಯಾದಿಗಳ ಹೆಸರಾಂತ ವರಹಗಳ ಮೇಲಿರುವುದು ನಾಗರಿ ಲಿಪಿ. ಗೋವೆಯ ಕದಂಬರ ಸಿಂಹಾಂಕಿತ ಹೊನ್ನಿನ ಮೇಲೂ ಸಪ್ತಕೋಟೀಶ್ವರನ ಹೆಸರು ನಾಗರಿಯಲ್ಲಿಯೇ ಇದೆ. ಉತ್ಸಾಹದ ಭರದಲ್ಲಿ ನಮ್ಮ ಕೆಲವು ಭಾಷಣಕಾರರು ಇವನ್ನೆಲ್ಲ ಕನ್ನಡದ ನಾಣ್ಯಗಳೆಂದು ಸಾರಿಬಿಡುತ್ತಾರೆ. ಹಾಗೆ ಮಾಡಿದರೆ ಎದುರು ಪಕ್ಷದವನು ಒಂದೇ ಪ್ರಶ್ನೆಯಿಂದ ನಮ್ಮ ಇಡೀ ಮೊಕದ್ದಮೆಯನ್ನು ಕೆಡಿಸಬಲ್ಲನು. ನಾಡು ನಮ್ಮದು, ಟಂಕಸಾಲೆ ನಮ್ಮದು, ಲೆಕ್ಕದ ಮಾತು ನಮ್ಮದು. ಆ ವರಹಗಳ ಮೇಲಿನ ಲಿಪಿ ನಾಗರಿ. ಇಷ್ಟನ್ನು ಹೇಳಿದರೆ ಸಾಕು, ಯಾರೂ ಅಲ್ಲಗಳೆಯಲಾರರು.

ವಿಜಯನಗರದ ಲೆಕ್ಕವನ್ನು ಪರದೇಶದವನೊಬ್ಬನು ಬರೆದಿಟ್ಟಿದ್ದಾನೆ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಪಾರಸೀಕ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು ಹೇಳುವಂತೆ, ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಪಣ. ಪಣವೇ ಎಲ್ಲಕ್ಕಿಂತ ಹೆಚ್ಚು ಉಪಯೋಗದ್ದು. ಪಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ, ತಾರದ ಮೂರನೆಯ ಒಂದು ಪಾಲು ತಾಮ್ರದ ಜೀತಲ. ಲೆಕ್ಕ ಹಾಕಿ ನೋಡಿರಿ: ಒಂದು ವರಹಕ್ಕೆ 360 ಜೀತಲ. ಗಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು. ದಂಡಿನ ದೊಡ್ಡ ಸಂಬಳದಿಂದ ಹಿಡಿದು ಸೊಪ್ಪು ಮಾರುವವಳ ಚಿಲ್ಲರೆಯ ತನಕ ಎಲ್ಲಕ್ಕೂ ಒಪ್ಪುವ ಮೆಟ್ಟಿಲುಗಳನ್ನು ಕಟ್ಟಿದ ಆಡಳಿತವು ಸಾಮಾನ್ಯವಾದುದಲ್ಲ.

ಆ ಹೊನ್ನಿನ ಬಲವೆಷ್ಟೆಂಬುದಕ್ಕೆ ಫೆರಿಷ್ತನು ಹೇಳುವ ಒಂದು ಸಂಗತಿಯುಂಟು. ಬಹಮನಿ ಸುಲ್ತಾನ ಮೊದಲನೆಯ ಮಹಮದ್ ಶಹನು ಗುಲಬರ್ಗೆಯಿಂದ ಆಳುತ್ತಿದ್ದಾಗ ತನ್ನ ಹೆಸರಿನ ಚಿನ್ನದ ನಾಣ್ಯಗಳನ್ನು ಹೊಡೆಸಿದನು. ಪೇಟೆಯ ಸರಾಫರು ಅವನ್ನು ಸಿಕ್ಕಿದಲ್ಲೆಲ್ಲ ಕರಗಿಸಿ, ವಿಜಯನಗರದ ಮತ್ತು ತೆಲಂಗಾಣದ ಹೊನ್ನುಗಳೇ ನಡೆಯುವಂತೆ ಮಾಡಿದರಂತೆ. ಸುಲ್ತಾನನು ಎಚ್ಚರಿಸಿದನು, ಕೇಳದಿದ್ದುದಕ್ಕೆ ಅವರನ್ನು ಕೊಲ್ಲಿಸಿದನು. ಇದನ್ನು ಮತದ ಜಗಳವೆಂದು ಓದುವವರುಂಟು. ನನಗೆ ಇದರಲ್ಲಿ ಮೊದಲು ಕಾಣುವುದು ಪೇಟೆಯ ಲೆಕ್ಕ. ಜನರ ಕೈಗೆ ರೂಢಿಯಾದ ನಾಣ್ಯವನ್ನು ಖಡ್ಗದಿಂದ ಬದಲಾಯಿಸುವುದು ಕಷ್ಟ.

ಈ ಪಾಠವನ್ನು ಬಲ್ಲವನು ಹೈದರಾಲಿ. ಕೆಳದಿಯ ಅರಸರ ಇಕ್ಕೇರಿ ವರಹದ ಮೇಲೆ ಶಿವಪಾರ್ವತಿಯರು ಕುಳಿತಿದ್ದರು. ಮಲೆನಾಡು ಕರಾವಳಿಗಳಲ್ಲಿ ಮೆಣಸು, ಅಡಿಕೆ, ಅಕ್ಕಿಯ ವ್ಯಾಪಾರವೆಲ್ಲ ಅದರ ಮೇಲೆ ನಡೆಯುತ್ತಿತ್ತು. 1763ರಲ್ಲಿ ಬಿದನೂರನ್ನು ಹಿಡಿದ ಹೈದರನು ತನ್ನ ಬಹಾದುರಿ ಹೊನ್ನನ್ನು ಹೊಡೆಸುವಾಗ ಶಿವಪಾರ್ವತಿಯರನ್ನು ಅಲ್ಲಿಯೇ ಉಳಿಸಿಕೊಂಡನು. ಹಿಂದಿನ ಮುಖದಲ್ಲಿ ತನ್ನ ಹೆಸರಿನ ಮೊದಲ ಪಾರಸೀ ಅಕ್ಷರವೊಂದನ್ನು ಮಾತ್ರ ಇಟ್ಟನು. 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಅದೇ ಶಿವಪಾರ್ವತಿಯರು; ಹಿಂದೆ ನಾಗರಿಯಲ್ಲಿ ಒಡೆಯರ ಹೆಸರು. ಮೂರು ಪ್ರಭುತ್ವ, ಒಂದೇ ಬಿಂಬ. ಹೈದರನ ಈ ನಡತೆಯನ್ನು ಉದಾರತೆಯೆನ್ನಲೋ ಜಾಣತನವೆನ್ನಲೋ? ಎರಡೂ ಇರಬಹುದು, ನಾಡನ್ನಾಳುವವನಿಗೆ ಎರಡೂ ಬೇಕು. ಒಡೆಯರ ಕಾಲದ ತಾಮ್ರದ ಕಾಸುಗಳಲ್ಲಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೇ ಬರೆದಿದೆ, ಪಕ್ಕದಲ್ಲಿ ಇಂಗ್ಲಿಷ್ ಅಂಕೆ. ಬಡವನ ಕೈಗೆ ಹೋಗುವ ನಾಣ್ಯಕ್ಕೆ ಬಡವನ ಭಾಷೆ. ಇದು ನನಗೆ ಬಾಲಕೃಷ್ಣನ ವರಹಕ್ಕಿಂತಲೂ ಹೆಚ್ಚು ಹಿಡಿಸುತ್ತದೆ.

ಆಮೇಲೆ ನಡೆದುದು ದುಃಖದ ಭಾಗ. 1818ರಲ್ಲಿ ಮದ್ರಾಸು ಆಧಿಪತ್ಯವು ವರಹದ ಲೆಕ್ಕವನ್ನು ಬಿಟ್ಟು ರೂಪಾಯಿಯನ್ನು ಹಿಡಿಯಿತು. 1835ರಲ್ಲಿ ಕಂಪನಿಯು ತನ್ನ ಪ್ರಾಂತಗಳಿಗೆಲ್ಲ ಒಂದೇ ರೂಪಾಯಿ ಮಾಡಿತು. ಬೆಂಗಳೂರಿಗೆ ವರ್ಗವಾಗಿದ್ದ ಮೈಸೂರಿನ ಟಂಕಸಾಲೆ 1843ರಲ್ಲಿ ಮುಚ್ಚಿತು. ನಾಣ್ಯ ಒಂದಾದರೆ ಒಳ್ಳೆಯದೇ ಅಲ್ಲವೇ ಎಂದು ತಾವು ಕೇಳಬಹುದು. ಆದರೆ ಕನ್ನಡಿಗನಿಗೆ ಅದು ಒಂದಾಗಲಿಲ್ಲ. ಕಾಗದದ ನೋಟುಗಳ ಕಥೆಯನ್ನೇ ಕೇಳಿರಿ. 1861ರ ಕಾಯ್ದೆಯ ಪ್ರಕಾರ ನೋಟು ಹೊರಡಿಸುವ ಅಧಿಕಾರವನ್ನು ವೃತ್ತಗಳಾಗಿ ಹಂಚಿದರು; ಒಂದು ವೃತ್ತದ ನೋಟು ಇನ್ನೊಂದು ವೃತ್ತದಲ್ಲಿ ಕಾಯ್ದೆಯ ಚಲಾವಣೆಯದಲ್ಲ. ಧಾರವಾಡ ಮುಂಬಯಿಗೆ ಸೇರಿದ್ದು, ಬಳ್ಳಾರಿ ಮದ್ರಾಸಿಗೆ. ಆದುದರಿಂದ ಹುಬ್ಬಳ್ಳಿಯ ವರ್ತಕನ ನೋಟನ್ನು ಬಳ್ಳಾರಿಯ ವರ್ತಕನು ತೆಗೆದುಕೊಳ್ಳಲೇಬೇಕೆಂಬ ಕಟ್ಟಿರಲಿಲ್ಲ. ಇಬ್ಬರೂ ಚೌಕಾಶಿ ಮಾಡುವುದು ಕನ್ನಡದಲ್ಲಿ! ಐದು ರೂಪಾಯಿಯ ನೋಟಿನಿಂದ ಮೊದಲುಗೊಂಡು ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದೀಚೆಗೆ ಒಂದೊಂದಾಗಿ ಈ ಕಟ್ಟು ಸಡಿಲವಾಯಿತು.

ಹೈದರಾಬಾದಿಗೆ ಸೇರಿದ್ದ ನಮ್ಮ ಬಂಧುಗಳ ಸ್ಥಿತಿ ಇದಕ್ಕಿಂತ ವಿಚಿತ್ರ. ಬೀದರ, ಗುಲಬರ್ಗೆ, ರಾಯಚೂರು, ಕೊಪ್ಪಳಗಳಲ್ಲಿ ನಡೆಯುತ್ತಿದ್ದುದು ಚಾರಮಿನಾರಿನ ಚಿತ್ರವುಳ್ಳ ಹಾಲಿ ಸಿಕ್ಕಾ. ಬ್ರಿಟಿಷ್ ಸರಕಾರದ ಆರು ರೂಪಾಯಿಗೆ ಹೆಚ್ಚುಕಡಿಮೆ ಏಳು ಹಾಲಿ ರೂಪಾಯಿ. ಗದಗಿನಿಂದ ರೈಲು ಹತ್ತಿ ಕೊಪ್ಪಳದಲ್ಲಿ ಇಳಿದವನು ಭಾಷೆಯನ್ನು ಬದಲಿಸಬೇಕಾಗಿರಲಿಲ್ಲ, ದೇವರನ್ನು ಬದಲಿಸಬೇಕಾಗಿರಲಿಲ್ಲ, ರೊಟ್ಟಿಯನ್ನೂ ಬದಲಿಸಬೇಕಾಗಿರಲಿಲ್ಲ. ಕಿಸೆಯೊಳಗಿನ ರೊಕ್ಕವನ್ನು ಮಾತ್ರ ವಟ್ಟ ಕೊಟ್ಟು ಬದಲಿಸಬೇಕಾಗಿತ್ತು. ನಿಜಾಮನ ನೋಟುಗಳ ಮೇಲೆ ಉರ್ದುವಿನೊಡನೆ ತೆಲುಗು, ಮರಾಠಿಗಳಂತೆ ಕನ್ನಡವೂ ಇತ್ತೆಂಬುದನ್ನು ಮರೆಮಾಚಬಾರದು. ಆ ನೋಟು ಇಂದು ಸಿಕ್ಕರೆ ಜೋಪಾನ ಮಾಡಿರಿ. ಕನ್ನಡ ಜನರು ಆ ಸಂಸ್ಥಾನದಲ್ಲಿ ಇದ್ದರೆಂಬುದಕ್ಕೆ ಅದು ನಿಜಾಮನ ಖಜಾನೆಯೇ ಕೊಟ್ಟ ರಸೀತಿ. 1956ರ ನವೆಂಬರ 1ರಂದು ನಾಡು ಒಂದಾಯಿತು, 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂತು. ಇಂದಿನ ನೋಟುಗಳ ಹಿಂದೆ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡವು ನಾಲ್ಕನೆಯದು. 2017ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಮೇಲೆ ಹಂಪೆಯ ಕಲ್ಲಿನ ರಥವಿದೆ. ಎಷ್ಟು ಜನ ಅದನ್ನು ತಿರುಗಿಸಿ ನೋಡಿದ್ದೇವೆ?

ಈ ಸಾಕ್ಷ್ಯವನ್ನೆಲ್ಲ ಕೂಡಿಸಿದವರು ಯಾರು? ಇಲ್ಲಿ ನಾಚಿಕೆಯ ಮಾತೊಂದನ್ನು ಆಡಲೇಬೇಕು. ದಕ್ಷಿಣದ ನಾಣ್ಯಗಳ ಕುರಿತು ಮೊದಲ ದೊಡ್ಡ ಗ್ರಂಥವನ್ನು ಬರೆದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಮುಂದೆ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಸೆರೆಯಾಳಾದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಈತನೊಬ್ಬ. ಸೆರೆ ಬಿಟ್ಟ ಮೇಲೆ ಇದೇ ನಾಡಿನಲ್ಲಿ ತಿರುಗಾಡಿ ಶಾಸನಗಳನ್ನು ನಕಲು ಮಾಡಿಸಿದನು, ನಾಣ್ಯಗಳನ್ನು ಕೂಡಿಸಿದನು. 1880ರ ದಶಕದಲ್ಲಿ, ಕಣ್ಣು ಬಹುಮಟ್ಟಿಗೆ ಕಾಣದಿದ್ದ ಮುಪ್ಪಿನಲ್ಲಿ, ಆ ಪುಸ್ತಕವನ್ನು ಹೊರತಂದನು. ಅವನು ನಮ್ಮನ್ನಾಳಲು ಬಂದ ಕಂಪನಿಯ ನೌಕರ. ಆ ಕಂಪನಿಯನ್ನು ನಾನು ಹೊಗಳಲಾರೆ. ಆದರೆ ನಾವು ಕರಗಿಸುತ್ತಿದ್ದುದನ್ನು ಅವನು ಓದುತ್ತಿದ್ದನೆಂಬುದನ್ನು ಹೇಗೆ ಮುಚ್ಚಿಡಲಿ? ತರುವಾಯ ನಮ್ಮವರೂ ಎದ್ದರು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯನ್ನು 1929ರಲ್ಲಿ ಅಗೆಯಿಸಿದವರು ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣರು, ಆ ನೆಲ ಸಾತವಾಹನರ ಸೀಸದ ನಾಣ್ಯಗಳನ್ನೂ ರೋಮದ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳನ್ನೂ ಕೊಟ್ಟಿದೆ. ಡಾಕ್ಟರ್ ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಮೇಲೆ ಗ್ರಂಥವನ್ನೇ ಬರೆದರು.

ಹೀಗಿದ್ದರೂ ಕರಗಿಸುವುದು ನಿಂತಿಲ್ಲ. ನನ್ನ ಬಳಿಗೆ ಅಣ್ಣತಮ್ಮಂದಿರ ವ್ಯಾಜ್ಯವೊಂದು ಬಂದಿತ್ತು. ಹೊಲ ಉಳುವಾಗ ಮಣ್ಣಿನ ಗಡಿಗೆಯೊಂದು ನೇಗಿಲಿಗೆ ತಾಗಿತು. ಒಳಗೆ ಚಿನ್ನದ ಚಿಕ್ಕ ನಾಣ್ಯಗಳು. ತಮ್ಮನಿಗೆ ತಿಳಿಯಬಾರದೆಂದು ಅಣ್ಣನು ರಾತ್ರಿಯೇ ಅಕ್ಕಸಾಲೆಗೆ ಒಯ್ದನು. ವಿಷಯ ನನ್ನ ಮೇಜಿಗೆ ಬರುವ ಹೊತ್ತಿಗೆ ಉಳಿದಿದ್ದುದು ಒಂದು ಗಟ್ಟಿ ಮತ್ತು ಎಷ್ಟು ತೊಲೆಯೆಂಬ ಜಗಳ. ಮೇಲೆ ಏನಿತ್ತು ಎಂದು ಕೇಳಿದೆ. “ಏನೋ ಅಕ್ಷರ ಇದ್ದುವ್ರೀ, ಓದಾಕ ಬರಲಿಲ್ಲ” ಎಂದನು. ಯಾವ ಅರಸ, ಯಾವ ಲಿಪಿ, ಯಾವ ಟಂಕಸಾಲೆ, ಎಲ್ಲವೂ ಮೂಸೆಯಲ್ಲಿ ಹೋಯಿತು. ಆ ಗಟ್ಟಿಯನ್ನು ಮೂರು ಪಾಲು ಮಾಡಬಹುದು, ನಾಣ್ಯವನ್ನು ಮಾತ್ರ ಯಾವ ನ್ಯಾಯಾಲಯವೂ ಮತ್ತೆ ಹುಟ್ಟಿಸಲಾರದು.

ಜನರು ಹೀಗೆ ಮಾಡುವುದು ದುರಾಸೆಯಿಂದಲೇ ಅಲ್ಲ, ಭಯದಿಂದ. ಸರಕಾರಕ್ಕೆ ತಿಳಿದರೆ ಎಲ್ಲವೂ ಹೋಯಿತು, ಮೇಲೆ ಸೆರೆಮನೆ ಎಂದು ನಂಬಿದ್ದಾರೆ. ಕಾಯ್ದೆ ಹಾಗಿಲ್ಲ. 1878ರ ಭಾರತದ ನಿಧಿ ಕಾಯ್ದೆಯಲ್ಲಿಯೇ, ಸಿಕ್ಕಿದವನು ಕಲೆಕ್ಟರರಿಗೆ ತಿಳಿಸಿದರೆ, ಹಳೆಯ ವಾರಸುದಾರನಾರೂ ಇಲ್ಲದ ಪಕ್ಷದಲ್ಲಿ ಅವನಿಗೆ ಪಾಲುಂಟು; ಬೇರೆ ಒಪ್ಪಂದವಿಲ್ಲದಿದ್ದರೆ ನಾಲ್ಕರಲ್ಲಿ ಮೂರು ಪಾಲು ಸಿಕ್ಕಿದವನಿಗೆ, ಒಂದು ಪಾಲು ಭೂಮಿಯ ಒಡೆಯನಿಗೆ. ಸರಕಾರವು ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದರಲ್ಲಿ ಒಂದು ಪಾಲು ಹೆಚ್ಚು ಕೊಡಬೇಕು. ಅಪರೂಪದ ನಾಣ್ಯಕ್ಕೆ ಲೋಹದ ಲೆಕ್ಕ ಹಿಡಿದುದು ಜಿಪುಣತನವೆಂದೇ ನನ್ನ ಅಭಿಪ್ರಾಯ. ಆದರೂ ಅಕ್ಕಸಾಲಿಗನು ರಾತ್ರಿ ಕೊಡುವುದಕ್ಕಿಂತ ಅದು ಹೆಚ್ಚೇ. ಶಿಕ್ಷೆಯಿರುವುದು ಮುಚ್ಚಿಟ್ಟವನಿಗೆ. ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ 1962ರ ಪ್ರತ್ಯೇಕ ಕಾಯ್ದೆಯುಂಟು. ತಹಶೀಲದಾರರ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುವುದು. ನೂರು ವರ್ಷ ಮೀರಿದ ನಾಣ್ಯವನ್ನು ದೇಶದ ಹೊರಗೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ.

ಮನೆಯೊಳಗಿನ ನಾಣ್ಯಗಳ ಮಾತೂ ಇದೆ. ನಮ್ಮ ತಾಯಂದಿರ ಕಾಸಿನ ಸರ, ಪುತಳಿ ಸರಗಳಲ್ಲಿ ಎಷ್ಟೋ ಹಳೆಯ ನಾಣ್ಯಗಳು ಉಳಿದುಬಂದಿವೆ. ಪುತಳಿಯೆಂದರೆ ಮೊದಲಿಗೆ ಇಟಲಿಯ ವೆನಿಸಿನ ಚಿನ್ನದ ನಾಣ್ಯ. ಅದರ ಮೇಲಿನ ಮನುಷ್ಯಾಕೃತಿಯನ್ನು ನೋಡಿ ನಮ್ಮವರು ಗೊಂಬೆಯೆಂದರು. ಸಂತನ ಮುಂದೆ ಮೊಣಕಾಲೂರಿದ ವೆನಿಸಿನ ಅಧಿಪತಿ ನಮ್ಮ ಅಜ್ಜಿಯರ ಕೊರಳಲ್ಲಿ ಮಂಗಳಕರನಾದನು! ಸರವನ್ನು ಬಿಚ್ಚಿಸಬೇಡಿರಿ, ಚಿತ್ರ ತೆಗೆದುಕೊಂಡರೆ ಸಾಕು.

ಮೋಸಗಾರರ ವಿಷಯದಲ್ಲಿ ಮಾತ್ರ ಎಚ್ಚರ. ಒಂದು ಬದಿ ರಾಮಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಬದಿ ‘ಈಸ್ಟ್ ಇಂಡಿಯಾ ಕಂಪನಿ’ ಎಂದೂ 1616, 1717, 1818 ಎಂದೂ ಬರೆದ ತಾಮ್ರದ ಬಿಲ್ಲೆಗಳನ್ನು ಜಾತ್ರೆಗಳಲ್ಲಿ ಮಾರುತ್ತಾರೆ. ಅಕ್ಕಿಯನ್ನು ಸೆಳೆಯುವ ಶಕ್ತಿಯುಂಟೆಂದು ಹೇಳಿ ಲಕ್ಷಗಟ್ಟಲೆ ಕೀಳುತ್ತಾರೆ. ಕಂಪನಿಯು ಅಂಥ ನಾಣ್ಯವನ್ನು ಎಂದೂ ಹೊಡೆಸಲಿಲ್ಲ. ಓದುಬರಹ ಬಲ್ಲವರೂ ಈ ಬಲೆಗೆ ಬೀಳುತ್ತಾರೆಂಬುದನ್ನು ನಮ್ಮ ಪೊಲೀಸ್ ಠಾಣೆಗಳು ಬಲ್ಲವು.

ಉಪಾಧ್ಯಾಯರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಶಾಲೆಯಲ್ಲಿ ಒಂದು ದಪ್ಪ ವಹಿಯನ್ನು ಇಡಿರಿ. ಮಕ್ಕಳು ತಂದು ತೋರಿಸಿದ ನಾಣ್ಯದ ತೂಕ, ಅಳತೆ, ಎರಡೂ ಮುಖಗಳ ಚಿತ್ರ, ಎಲ್ಲಕ್ಕಿಂತ ಮುಖ್ಯವಾಗಿ ಅದು ಸಿಕ್ಕಿದ ಸ್ಥಳ, ಸಂಗಡ ಇನ್ನೇನು ಸಿಕ್ಕಿತೆಂಬುದು, ಇವನ್ನು ಬರೆದಿಡಿರಿ. ಸ್ಥಳ ತಿಳಿಯದ ನಾಣ್ಯ ಊರು ಹೇಳದ ಸಾಕ್ಷಿಯಂತೆ. ಹುಣಸೆಹಣ್ಣು ಬೂದಿ ಹಾಕಿ ತಿಕ್ಕಲು ಬಿಡಬೇಡಿರಿ; ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಗಡಿಗೆಯೊಡನೆ ಸಿಕ್ಕರೆ ಗಡಿಗೆಯ ಚೂರುಗಳನ್ನೂ ಎಸೆಯಬೇಡಿರಿ. ನಾಣ್ಯವನ್ನು ನೀವು ಇಟ್ಟುಕೊಳ್ಳದೆ ಮಗುವಿನ ಕೈಗೇ ಹಿಂದಕ್ಕೆ ಕೊಡಿರಿ. ಇಲ್ಲವಾದರೆ ಎರಡನೆಯ ಮಗು ತರಲಾರದು. ನೆಲದಲ್ಲಿ ಸಿಕ್ಕಿದ್ದಾದರೆ ಮನೆಯವರಿಗೆ ಕಾಯ್ದೆಯನ್ನು ತಿಳಿಯಹೇಳಿ ತಹಶೀಲದಾರರಿಗೂ ಪುರಾತತ್ವ ಇಲಾಖೆಗೂ ಬರೆಯಿರಿ. ಬರೆಯಲು ಕಾಗದ ಪತ್ರದ ತೊಡಕು ಬಂದರೆ ನನ್ನ ಕಚೇರಿಗೆ ಕಳುಹಿಸಿರಿ, ಅರ್ಜಿಯನ್ನು ಫೀಯಿಲ್ಲದೆ ಬರೆದುಕೊಡುತ್ತೇನೆ. ನಿಮಗೆ ವರ್ಗವಾದಾಗ ಮಾತ್ರ ಆ ವಹಿಯನ್ನು ಸಂಗಡ ಒಯ್ಯದೆ, ಹಾಜರಿ ಪುಸ್ತಕದಂತೆ ಮುಂದೆ ಬರುವವರ ವಶಕ್ಕೆ ಒಪ್ಪಿಸಿ ರುಜು ಹಾಕಿಸಿಕೊಳ್ಳಿರಿ.